ಮುಗಿಯದ ಚಿತ್ರದ ಮುಂದೆ ಕುಂಚ ಹಿಡಿದು

ತೈಲವರ್ಣದಲ್ಲಿ ಭಾವಚಿತ್ರ ಕಲಿಯಲು ಹೊರಟವರು ನಕಲಿಗೆಂದು ಆರಿಸಿಕೊಳ್ಳುವುದು ಸಾಮಾನ್ಯವಾಗಿ ನುಣುಪಾದ, ಎಲ್ಲವೂ ಮುಗಿದ ಚಿತ್ರವನ್ನು. ಫ್ರೆಂಚ್ ಚಿತ್ರಕಾರ ಆಂಗ್ರ್ 1832ರಲ್ಲಿ ಬರೆದ ಪತ್ರಿಕೋದ್ಯಮಿ ಬೆರ್ತಾನ ಭಾವಚಿತ್ರ ಅಂಥದ್ದು. ತೊಡೆಗೆ ಊರಿದ ಆ ದಪ್ಪ ಬೆರಳುಗಳು ಯಾರನ್ನಾದರೂ ಸೆಳೆದಾವು. ಆದರೆ ಕುಂಚ ಎಲ್ಲಿ ಹೊರಟಿತು, ಎಲ್ಲಿ ತಿರುಗಿತು ಎಂಬ ಸುಳಿವನ್ನೇ ಆಂಗ್ರ್ ಬಿಟ್ಟುಕೊಡುವುದಿಲ್ಲ. ಮೇಲ್ಮೈಯನ್ನಷ್ಟೇ ಅನುಕರಿಸಿದ ವಿದ್ಯಾರ್ಥಿಯ ಕೈಯಲ್ಲಿ ಚರ್ಮ ಮೇಣದಂತಾಗುತ್ತದೆ. ಹೊಸಬರಿಗೆ ಇದಕ್ಕಿಂತ ಉದಾರಿಯಾದ ಗುರು ಆ ಚಿತ್ರವಿರುವ ಲೂವ್ರ್ ವಸ್ತುಸಂಗ್ರಹಾಲಯದಲ್ಲೇ ಇದೆ: ಆಂಗ್ರನ ಗುರು ಜಾಕ್ ಲೂಯಿ ದಾವೀದ್ 1800ರಲ್ಲಿ ಕೈಗೆತ್ತಿಕೊಂಡು ಅರ್ಧಕ್ಕೆ ಬಿಟ್ಟ ಮದಾಂ ರೆಕಾಮಿಯೇಯ ಭಾವಚಿತ್ರ.

ದಿವಾನದ ಮೇಲೆ ಬರಿಗಾಲಲ್ಲಿ ಒರಗಿ, ಇತ್ತ ತಿರುಗಿ ನೋಡುವ ಬಿಳಿಯುಡುಗೆಯ ತರುಣಿ. ಪಕ್ಕದಲ್ಲೊಂದು ಎತ್ತರದ ದೀಪಸ್ತಂಭ. ಅಷ್ಟೇ. ಆಕೆ ಮುಂದೆ ದಾವೀದನ ಶಿಷ್ಯ ಜೆರಾರನಿಂದ ಬೇರೊಂದು ಭಾವಚಿತ್ರ ಬರೆಸಿಕೊಂಡಳು. ದಾವೀದನ ಚಿತ್ರ ಅವನಲ್ಲೇ ಉಳಿದು, ಅವನು ತೀರಿಕೊಂಡ ಮರುವರ್ಷ, 1826ರಲ್ಲಿ, ಲೂವ್ರ್ ಸೇರಿತು.

ಮುಗಿಯದಿರುವುದೇ ಕಲಿಯುವವರಿಗೆ ಲಾಭ. ಹಿನ್ನೆಲೆಯ ವಿಶಾಲ ಗೋಡೆಯಲ್ಲಿ ತೆಳುಬಣ್ಣವನ್ನು ಕುಂಚದಿಂದ ಉಜ್ಜಿದ ಗೀರುಗಳು ಹಾಗೆಯೇ ಇವೆ. ಫ್ರೆಂಚ್ ಕಲಾವಿದರು ಇದನ್ನು ಫ್ರೋತಿ ಎನ್ನುತ್ತಾರೆ. ತಳದ ಬೆಳಕು ಈ ತೆಳುಪದರದ ಮೂಲಕ ಹಾದು ಬರುವುದರಿಂದ ಗೋಡೆಗೆ ಆಳ ಬಂದಿದೆ. ನಕಲು ಮಾಡುವವರು ಹಿಡಿಯಬೇಕಾದದ್ದು ಪದರದ ಮೇಲೆ ಪದರ ಬರುವ ಈ ಕ್ರಮವನ್ನು. ಮುಖದ ಹೋಲಿಕೆ ಆಮೇಲಿನ ಮಾತು. ಮೊದಲು ಚೌಕಳಿ ಎಳೆದು ಹೊರರೇಖೆ. ದಾವೀದನಂಥವರ ನಿಯೋಕ್ಲಾಸಿಕಲ್ ಚಿತ್ರದಲ್ಲಿ ಭುಜದಿಂದ ಮುಂಗೈಗೆ ಇಳಿಯುವ ಒಂದು ಗೆರೆ ತಪ್ಪಿದರೂ ಮುಂದೆ ಯಾವ ಬಣ್ಣವೂ ಅದನ್ನು ಕಾಪಾಡದು. ಅದರ ಮೇಲೆ ಟರ್ಪೆಂಟೈನ್‌ನಲ್ಲಿ ತೆಳುವಾಗಿಸಿದ ಕಂದು ಅಂಬರ್. ಅಂಬರ್‌ನಲ್ಲಿರುವ ಮ್ಯಾಂಗನೀಸ್ ಎಣ್ಣೆಯನ್ನು ಬೇಗ ಒಣಗಿಸುತ್ತದೆ, ಆದ್ದರಿಂದ ಅದು ತಳಕ್ಕೆ ಹೇಳಿ ಮಾಡಿಸಿದ ಬಣ್ಣ. ಅಗಸೆ ಎಣ್ಣೆ ಹೆಚ್ಚಿರುವ ಬಣ್ಣ ಯಾವತ್ತೂ ಮೇಲಿನ ಪದರಗಳಿಗೆ. ಈ ಕ್ರಮ ತಲೆಕೆಳಗಾದರೆ ವರ್ಷಗಳ ಮೇಲೆ ಚಿತ್ರ ಬಿರುಕು ಬಿಡುತ್ತದೆ.

ನಿಜವಾದ ವಿದ್ಯೆ ಇರುವುದು ಬೆಳಕು ನೆರಳಿಗೆ ಹೊರಳುವ ಜಾಗದಲ್ಲಿ. ಒಣಗಿದ ಕಂದಿನ ಮೇಲೆ ತಿಳಿಯಾದ ಮೈಬಣ್ಣವನ್ನು ತೆಳುವಾಗಿ ಎಳೆದರೆ, ನೀಲಿಯನ್ನು ಮುಟ್ಟದೆಯೇ ತಂಪಾದ ಬೂದುಛಾಯೆ ಮೂಡುತ್ತದೆ. ಕೆನ್ನೆ ದುಂಡಗಾಗುವುದು ಆಗ. ಇದನ್ನು ನೂರು ಸಲ ಓದಿದರೂ ಬಾರದು; ಕೈ ಒಮ್ಮೆ ಮಾಡಿದರೆ ಮರೆಯದು. ಮೈಬಣ್ಣಕ್ಕೆ ದಾವೀದ್ ಬಳಸಿದ ಸೀಸದ ಬಿಳಿ ವಿಷ. ಇಂದು ಬಳಕೆಯಲ್ಲಿರುವ ಟೈಟಾನಿಯಂ ಬಿಳಿ 20ನೇ ಶತಮಾನದ್ದು. ಅದು ಹೆಚ್ಚು ಮುಚ್ಚುವ ಬಣ್ಣ, ಮೈಬಣ್ಣವನ್ನು ಸುಣ್ಣ ಬಳಿದಂತೆ ಮಾಡಿಬಿಡುತ್ತದೆ. ಚಿಟಿಕೆ ಹಳದಿ ಓಕರ್ ಬೆರೆಸುವುದು ಮೇಲು.

ನಕಲೆಂದರೆ ಗುಲಾಮಗಿರಿ ಎಂಬ ಆಕ್ಷೇಪವನ್ನು ಈ ಗುರು-ಶಿಷ್ಯ ಪರಂಪರೆ ಒಪ್ಪುವುದಿಲ್ಲ. ಸ್ವತಃ ದಾವೀದ್ ರೋಮ್‌ನಲ್ಲಿ ಕಲಿಯುತ್ತಿದ್ದಾಗ, 1779ರಲ್ಲಿ, ಚಿತ್ರಕಾರ ವಾಲಾಂತಾನನ 'ಕೊನೆಯ ಭೋಜನ'ವನ್ನು ನಕಲು ಮಾಡಿದ. 1793ರಲ್ಲಿ ತೆರೆದ ಲೂವ್ರ್ ಆರಂಭದಲ್ಲೇ ಕಲಾವಿದರಿಗೆಂದು ದಿನಗಳನ್ನು ಮೀಸಲಿಟ್ಟಿತು. ಅನುಮತಿ ಪಡೆದವರು ಇಂದಿಗೂ ಅಲ್ಲಿ ಈಸಲ್ ಹೂಡುತ್ತಾರೆ. ನಕಲಿನ ಅಳತೆ ಮಾತ್ರ ಮೂಲಕ್ಕಿಂತ ಬೇರೆಯಿರಬೇಕು. ಖೋಟಾ ತಡೆಯಲು ಮಾಡಿದ ಈ ನಿಯಮವೇ ಒಳ್ಳೆಯ ಪಾಠವೂ ಹೌದು: ಅಳತೆ ಬದಲಾದೊಡನೆ ಪ್ರತಿ ಅನುಪಾತವನ್ನೂ ಹೊಸದಾಗಿ ಯೋಚಿಸಬೇಕಾಗುತ್ತದೆ.

ರೆಕಾಮಿಯೇ ಚಿತ್ರದ ಎದೆಮಟ್ಟದ ಭಾಗವೊಂದನ್ನೇ ತೆಗೆದುಕೊಂಡರೂ ಕಲಿಯುವವರಿಗೆ ಸಾಕು. ಹಿನ್ನೆಲೆಯನ್ನು ದಾವೀದ್ ನಿಲ್ಲಿಸಿದಲ್ಲೇ ನಿಲ್ಲಿಸಬೇಕು, ತುಂಬುವ ಆಸೆ ಬೇಡ. ನಕಲು ಸ್ವಂತ ಚಿತ್ರಕ್ಕೆ ದಾರಿಯೂ ಹೌದು. 1853ರಲ್ಲಿ ಲೂವ್ರ್‌ನ ನಕಲುಗಾರರ ಪಟ್ಟಿಗೆ ಹೆಸರು ಬರೆಸಿದ ಎಡ್ಗರ್ ದೆಗಾ, ಆಂಗ್ರನ ಶಿಷ್ಯ ಲಾಮೋತನ ಬಳಿ ಕಲಿತವನು. 1858ರಲ್ಲಿ ಅವನು ಫ್ಲಾರೆನ್ಸ್‌ನಲ್ಲಿದ್ದ ತನ್ನ ಸೋದರತ್ತೆಯ ಕುಟುಂಬದ ದೊಡ್ಡ ಭಾವಚಿತ್ರಕ್ಕೆ ಕೈಹಾಕಿದ. ಇಂದಿನ ವಿದ್ಯಾರ್ಥಿಯೂ ಒಂದು ಪದರ ಒಣಗುವ ಬಿಡುವಿನಲ್ಲಿ ಮನೆಯವರೊಬ್ಬರನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಅದೇ ಅಂಬರ್, ಅದೇ ಓಕರ್ ಹಿಡಿದು, ಇನ್ನೊಂದು ಕ್ಯಾನ್ವಾಸನ್ನು ಆರಂಭಿಸಬಹುದು.