ಹಿತ್ತಿಲ ಹೊಂಡ: ಎಲ್ಲಿ, ಎಷ್ಟು?



ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ. ಆದರೂ ಮಲೆನಾಡಿನ ಅನೇಕ ಮನೆಗಳಲ್ಲಿ ಏಪ್ರಿಲ್ ಬಂತೆಂದರೆ ಬಸಳೆ ಚಪ್ಪರಕ್ಕೂ ನೀರಿಲ್ಲ. ಹೊಂಡ ತೋಡಿಸುವ ಯೋಚನೆ ಹುಟ್ಟುವುದು ಆಗ. ಯಂತ್ರ ಅಂಗಳಕ್ಕೆ ಬಂದ ದಿನವೇ ಅಳತೆಯೂ ಜಾಗವೂ ನಿರ್ಧಾರವಾಗುತ್ತವೆ. ಲೆಕ್ಕ ಮಾತ್ರ ಆಗಿರುವುದಿಲ್ಲ.

ಲೆಕ್ಕವನ್ನು ಬಳಕೆಯಿಂದ ಆರಂಭಿಸಬೇಕು. ಒಂದು ಗುಂಟೆಯೆಂದರೆ ಸುಮಾರು 100 ಚದರ ಮೀಟರ್. ಬೇಸಿಗೆ ತರಕಾರಿಗೆ ಚದರ ಮೀಟರಿಗೆ ದಿನಕ್ಕೆ 4 ಲೀಟರ್ ಎಂದು ಹಿಡಿದರೂ 100 ದಿನಗಳಿಗೆ 40,000 ಲೀಟರ್ ಬೇಕು. 20 ಅಡಿ ಉದ್ದ, 20 ಅಡಿ ಅಗಲ, 6 ಅಡಿ ಆಳದ ಹೊಂಡವನ್ನು ಸುಮ್ಮನೆ ಗುಣಿಸಿದರೆ 2,400 ಘನ ಅಡಿ, ಅಂದರೆ ಸುಮಾರು 68,000 ಲೀಟರ್. ಧಾರಾಳವೆನಿಸುತ್ತದೆ. ಆದರೆ ಮಣ್ಣಿನ ಗೋಡೆ ನೆಟ್ಟಗೆ ನಿಲ್ಲದು. ಅಡಿ ಆಳಕ್ಕೆ ಅಡಿ ಇಳಿಜಾರು ಬಿಟ್ಟರೆ ತಳ 8 ಅಡಿ ಚೌಕವಾಗಿ ಉಳಿದು, ಹೊಂಡ ಹಿಡಿಯುವುದು 1,248 ಘನ ಅಡಿ, ಸುಮಾರು 35,000 ಲೀಟರ್ ಮಾತ್ರ. ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು. ಬಿಸಿಲಿಗೆ ದಿನಕ್ಕೆ 4–5 ಮಿ.ಮೀ. ಆವಿಯಾದರೆ ಆ ಅವಧಿಯಲ್ಲಿ ಒಂದೂವರೆ ಅಡಿ ನೀರು ಇಳಿಯುತ್ತದೆ. ಇಂಥ ಹೊಂಡ ಅರ್ಧ ಗುಂಟೆಗೆ ಸಾಕು, ಒಂದು ಗುಂಟೆಗಲ್ಲ.

ತುಂಬುವ ಚಿಂತೆ ಮಲೆನಾಡಿಗೆ ಬೇಡ. 1,000 ಚದರ ಅಡಿ ಮಾಡಿನ ಮೇಲೆ 400 ಮಿ.ಮೀ. ಮಳೆ ಬಿದ್ದರೆ ಹೊಂಡ ಭರ್ತಿ. ಅನಂತರದ ನೀರು ಹೋಗುವುದೆಲ್ಲಿಗೆ ಎಂಬುದೇ ಪ್ರಶ್ನೆ. ಕಲ್ಲು ಹಾಸಿದ ಕೋಡಿಯೊಂದನ್ನು ಮಾಡಿ, ಅದನ್ನು ಹಳ್ಳದ ದಾರಿಗೆ ಸೇರಿಸಬೇಕು.

ಜಾಗದ ಆಯ್ಕೆ ಇದಕ್ಕಿಂತ ಗಂಭೀರವಾದುದು. ಮನೆಯ ಮೇಲ್ಭಾಗದಲ್ಲಿ ಹೊಂಡವಿದ್ದರೆ ನೀರು ತಾನಾಗಿ ಮಡಿಗಳಿಗೆ ಹರಿದೀತೆಂಬ ಆಸೆ ಸಹಜ. ಆದರೆ ಧರೆ ಕಡಿದು ಮನೆ ಕಟ್ಟಿದಲ್ಲಿ ಆ ಧರೆಯ ತಲೆಯ ಮೇಲೆ ನೀರು ನಿಲ್ಲಿಸಲೇಬಾರದು. ನೀರು ಕುಡಿದ ಮಣ್ಣು ಭಾರವಾಗುತ್ತದೆ, ಅದರ ಬಿಗಿಯೂ ಸಡಿಲುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಕುಸಿದ ಗುಡ್ಡಗಳಲ್ಲಿ ರಸ್ತೆಗೋ ಮನೆಗೋ ಇಳಿಜಾರು ಕಡಿದಿದ್ದ ಸ್ಥಳಗಳು ಅನೇಕ. ಮನೆಗಿಂತ ಕೆಳಗಿನ ಸಮತಟ್ಟು ಜಾಗವೇ ಲೇಸು; ನೀರೆತ್ತುವ ಶ್ರಮ ಸಹ್ಯವಾದುದು. ತೀರಾ ತಗ್ಗೂ ಸಲ್ಲದು. ಅಡಿಕೆ ತೋಟಕ್ಕೆ ಹೊಡೆದ ಬೋರ್ಡೋ ದ್ರಾವಣ ಮಳೆಯೊಡನೆ ಅಲ್ಲಿಗೇ ಇಳಿಯುತ್ತದೆ, ಅದರ ತಾಮ್ರ ಮೀನು ಮರಿಗಳಿಗೆ ವಿಷ. ಶೌಚದ ಗುಂಡಿಯ ಕೆಳಭಾಗವೂ ಬೇಡ. ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಮರವಿದ್ದರೆ ಸಂಜೆಯ ನೆರಳು ಆವಿಯನ್ನು ತಗ್ಗಿಸುತ್ತದೆ. ಮರದ ಬುಡದಲ್ಲೇ ತೋಡಿದರೆ ತರಗೆಲೆ ಕೊಳೆಯುತ್ತದೆ.

ಜಾಗ ಗೊತ್ತಾದ ಮೇಲೆ ಎರಡಡಿ ಗುಣಿ ತೆಗೆದು, ನೀರು ತುಂಬಿಸಿ, ರಾತ್ರಿ ಕಳೆದು ನೋಡಬೇಕು. ಜಂಬಿಟ್ಟಿಗೆ ನೆಲವಾದರೆ ಬೆಳಗ್ಗೆ ಬಹುಶಃ ಗುಣಿ ಬರಿದಾಗಿರುತ್ತದೆ. ಅಲ್ಲಿ ಬಾವಿಗೆ ನೀರಿಂಗಿಸಬಹುದು, ಕೂಡಿಡಲಾಗದು. ಕೂಡಿಡಲೇಬೇಕೆಂದರೆ ಜೇಡಿಮಣ್ಣು ಮೆತ್ತಿ ತುಳಿಸಬೇಕು ಅಥವಾ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಒದ್ದೆ ಹಾಳೆ ಜಾರುತ್ತದೆ. ಒಳಗೆ ಬಿದ್ದ ಮಗುವಾಗಲಿ ಕರುವಾಗಲಿ ಹತ್ತಿ ಬರಲಾರದು. ಅಂಥ ಹೊಂಡಕ್ಕೆ ಬೇಲಿಯೂ, ಗಟ್ಟಿ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಟ್ಟ ಗಂಟುಹಗ್ಗವೂ ಮೊದಲ ಮಳೆಗೆ ಮುಂಚೆಯೇ ಸಿದ್ಧವಿರಬೇಕು.