ಬನದಿಂದ ಬನಕ್ಕೆ ಪರಾಗದ ಹಾದಿ



ಶತಮಾನೋತ್ಸವದ ನೆನಪಿಗಾಗಿ ಶಾಲೆಯ ಆವರಣದಲ್ಲಿಯೂ ಊರಿನ ಬನಗಳಲ್ಲಿಯೂ ಕಾಡಿನ ಸಸಿಗಳನ್ನು ನೆಡುವ ಸಂಕಲ್ಪವನ್ನು ನಾವೆಲ್ಲರೂ ಕೈಗೊಂಡಿದ್ದೇವೆ. ಎಷ್ಟು ಸಸಿ ನೆಟ್ಟೆವು ಎಂಬುದರಷ್ಟೇ ಅವುಗಳ ಬೀಜ ಎಲ್ಲಿಂದ ಬಂತು ಎಂಬುದೂ ಮುಖ್ಯ. ನಮ್ಮ ಇಂದಿನ ಮಾತು ಅದನ್ನು ಕುರಿತದ್ದು.

ಚಂದ್ರಗಿರಿ ಹೊಳೆಯೆಂದು ಹೆಸರಾಗಿ ಕಾಸರಗೋಡಿನಲ್ಲಿ ಕಡಲು ಸೇರುವ ಪಯಸ್ವಿನಿ ಹುಟ್ಟುವುದು ಕೊಡಗಿನ ಬೆಟ್ಟಗಳಲ್ಲಿ. ಹಿಂದೆ ಒಂದಕ್ಕೊಂದು ಹೊಂದಿಕೊಂಡಿದ್ದ ಅಲ್ಲಿನ ಕಾಡು ಇಂದು ಬಹುಮಟ್ಟಿಗೆ ಕಾಫಿ ತೋಟ, ಗದ್ದೆಗಳ ನಡುವೆ ತುಂಡುತುಂಡಾಗಿದೆ. ಸಾವಿರಕ್ಕೂ ಮೀರಿದ ದೇವರಕಾಡುಗಳಲ್ಲಿ ಅನೇಕವು ಪುಟ್ಟ ದ್ವೀಪಗಳಂತೆ ಉಳಿದಿವೆ. ಅಲ್ಲಿ ಬೆಳೆಯುವ ಮರಗಳಲ್ಲಿ ಬಿಳಿ ದೇವದಾರು ಒಂದು. ಹೆಸರು ಹಿಮಾಲಯದ ದೇವದಾರುವನ್ನು ನೆನಪಿಸಿದರೂ ಇದು ಬೇವಿನ ಕುಟುಂಬಕ್ಕೆ ಸೇರಿದ ಪಶ್ಚಿಮ ಘಟ್ಟದ ಮರ. ಬೆಲೆಬಾಳುವ ಮರಮಟ್ಟಿಗಾಗಿ ಕಡಿತಕ್ಕೆ ಗುರಿಯಾಗಿ ಈಗ ಅಳಿವಿನ ಭೀತಿಯಲ್ಲಿದೆ.

ಭಾರತ ಮತ್ತು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಕೊಡಗಿನ 216 ಚದರ ಕಿಲೋಮೀಟರ್ ಪ್ರದೇಶದಲ್ಲಿ ಈ ಮರದ ವಂಶಾವಳಿಯನ್ನು ಶೋಧಿಸಿ 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಡಿಎನ್‌ಎಯ 11 ಗುರುತುಗಳ ನೆರವಿನಿಂದ ಯಾವ ಸಸಿಗೆ ತಾಯಿ ಯಾವುದು, ಪರಾಗ ನೀಡಿದ ತಂದೆಮರ ಯಾವುದು ಎಂದು ಪತ್ತೆಹಚ್ಚಿದರು. ಮರಗಳು ವಿರಳವಾದ ತುಂಡುಕಾಡುಗಳಲ್ಲಿ ತಾಯಿಮರಗಳು ಹತ್ತಿರದ ಮರಗಳೊಡನೆ ಕೂಡುವುದು ಹೆಚ್ಚಾಗಿತ್ತು. ಹಾಗೆ ಕೂಡಿದ ಮರಗಳ ನಡುವಣ ರಕ್ತಸಂಬಂಧವೂ ಸರಾಸರಿಯಲ್ಲಿ ಹೆಚ್ಚಾಗಿತ್ತು. ಒಂದೇ ಬಳಿಯವರಲ್ಲಿ ನಂಟಸ್ತನ ಕೂಡದೆಂಬ ಕಟ್ಟಳೆಯನ್ನು ನಾವು ಬಲ್ಲೆವು. ಮರಗಳಲ್ಲಿಯೂ ಹತ್ತಿರದ ನಂಟರ ಕೂಡುವಿಕೆ ಮುಂದುವರಿದರೆ ಪೀಳಿಗೆ ಸೊರಗಬಹುದು. ರೋಗವನ್ನೂ ಬದಲಾಗುವ ಹವೆಯನ್ನೂ ಎದುರಿಸಲು ಬೇಕಾದ ಗುಣವೈವಿಧ್ಯ ಕುಗ್ಗುತ್ತದೆ.

ಈ ಹಾನಿ ಸುಲಭವಾಗಿ ಕಣ್ಣಿಗೆ ಬೀಳುವಂಥದಲ್ಲ. ಹಿರಿಯ ಮರಗಳು ಕಾಡು ಇಡಿಯಾಗಿದ್ದಾಗ ಹುಟ್ಟಿದವು. ಅವುಗಳಲ್ಲಿ ಹಳೆಯ ವೈವಿಧ್ಯ ಹಾಗೆಯೇ ಇರುತ್ತದೆ. ಕಾಡು ಒಡೆದುದರ ಪರಿಣಾಮ ತೋರುವುದು ಅವುಗಳ ಅಡಿಯಲ್ಲಿ ಮೊಳೆತ ಎಳೆಯ ಸಸಿಗಳಲ್ಲಿ. ಬನದ ಹೆಮ್ಮರ ಹಚ್ಚಗೆ ನಿಂತಿದೆಯೆಂದು ನಾವು ನಿಶ್ಚಿಂತರಾಗುವಂತಿಲ್ಲ.

ಅದೇ ಶೋಧನೆಯಲ್ಲಿ ಭರವಸೆಯ ಮಾತೂ ಇದೆ. ಒಂಟಿಯಾಗಿ ನಿಂತ ಮರಗಳಿಗೆ 5 ಕಿಲೋಮೀಟರಿಗೂ ದೂರದಿಂದ, ಬೇರೆಬೇರೆ ಮರಗಳ ಪರಾಗ ಮತ್ತೆಮತ್ತೆ ಬಂದು ಸೇರಿತ್ತು. ತೋಟದ ನಡುವಣ ಒಂಟಿಮರ ವ್ಯರ್ಥವಲ್ಲ. ಅದು ದೂರದ ಕಾಡುಗಳನ್ನು ಬೆಸೆಯಬಲ್ಲದು. ಆದರೆ ಪರಾಗ ಬಂದ ಮಾತ್ರಕ್ಕೆ ಕೆಲಸ ಮುಗಿಯದು. ಹಣ್ಣು ತಿಂದು ಬೀಜ ಒಯ್ಯುವ ಮಂಗಟ್ಟೆ ಹಕ್ಕಿ ಇರಬೇಕು. ಮೊಳೆತ ಸಸಿ ಕಳೆಯೊಡನೆ ಕತ್ತಿಗೆ ಸಿಗದೆ ಉಳಿಯಬೇಕು.

ಆದಕಾರಣ ನಮ್ಮ ಕಾರ್ಯಕ್ಕೆ ಮೂರು ನಿಯಮಗಳನ್ನು ಇಟ್ಟುಕೊಳ್ಳೋಣ. ಒಂದೇ ಮರದಡಿಯಿಂದ ಬುಟ್ಟಿ ತುಂಬ ಬೀಜ ಆರಿಸದೆ, ದೂರದೂರದ ಹಲವು ಮರಗಳಿಂದ ಸ್ವಲ್ಪಸ್ವಲ್ಪ ತಂದು ಬೆರೆಸಿ ಸಸಿ ಮಾಡೋಣ. ನಾಗಬನ, ಕಾವುಗಳ ಜೀರ್ಣೋದ್ಧಾರ ಮಾಡುವಾಗ ನೆಲಕ್ಕೆ ಸಿಮೆಂಟು ಹಾಸದೆ ಮೊಳಕೆಗೆ ಮಣ್ಣು ಉಳಿಸೋಣ. ಗುಡ್ಡೆಯಲ್ಲಿಯೂ ತೋಟದ ಅಂಚಿನಲ್ಲಿಯೂ ಉಳಿದಿರುವ ಕಾಡುಮರವನ್ನು, ಒಂದೇ ಆಗಿದ್ದರೂ, ಕಡಿಯದಿರೋಣ.

ಗಡಿಯ ಈಚೆಗೆ ನಿಂತು ನೂರು ವರ್ಷ ಕಂಡ ಕನ್ನಡ ಶಾಲೆಯವರಾದ ನಮಗೆ ಒಂಟಿಮರದ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ದೂರದಿಂದ ಬಂದ ಗುರುಗಳು, ಪುಸ್ತಕಗಳು, ನಂಟುಗಳು ನಮ್ಮನ್ನು ಬಾಳಿಸಿವೆ. ಆದರೂ ಹಳೆಯ ಮರದ ಎತ್ತರವನ್ನು ಕೊಂಡಾಡುವುದರ ಜೊತೆಗೆ ಅದರಡಿಯ ಸಸಿಗಳನ್ನು ಎಣಿಸುವುದು ನಮ್ಮ ಕರ್ತವ್ಯ. ಬನದಲ್ಲಿಯೂ ಹಾಗೆ, ಒಂದನೆಯ ತರಗತಿಯಲ್ಲಿಯೂ ಹಾಗೆ.