ನಟನ ಕಾಯಕ

(ಶ್ರೀಮಠದ ಅಮೃತ ಮಹೋತ್ಸವದ ಅಂಗವಾಗಿ ಜರುಗಿದ ಕಲಾಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ಪುಣ್ಯಸನ್ನಿಧಿಯಲ್ಲಿ ನಿಂತು ಮಾತನಾಡುವ ಯೋಗ್ಯತೆ ನನಗೆಷ್ಟುಮಟ್ಟಿಗೆ ಉಂಟೆಂಬುದನ್ನು ನಾನು ಬಲ್ಲೆ. ಶಾಸ್ತ್ರವನ್ನೋದಿದವನು ನಾನಲ್ಲ. ಮೊದಲು ಊರೂರು ತಿರುಗುವ ನಾಟಕ ಕಂಪೆನಿಯಲ್ಲಿಯೂ, ತರುವಾಯ ಬಾನುಲಿಯ ನಾಟಕಗಳಲ್ಲಿಯೂ ದುಡಿದು ಹೊಟ್ಟೆ ಹೊರೆದುಕೊಂಡವನು. ಆದರೂ ಶ್ರೀಗಳವರ ಅಪ್ಪಣೆಯಾಯಿತು. ಅಪ್ಪಣೆಯನ್ನು ಮೀರಲಾರದೆ ಬಂದು ನಿಂತಿದ್ದೇನೆ.

ಕಳೆದ ಕಾರ್ತಿಕದಲ್ಲಿ ಈ ಮಠದ ಭಕ್ತರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನನ್ನ ಮನೆಗೆ ಬಂದಿದ್ದರು. ಹುಡುಗನು ಬಿ.ಕಾಂ. ಪರೀಕ್ಷೆಯಲ್ಲಿ ಉತ್ತೀರ್ಣನಾಗಿದ್ದಾನೆ; ನಟನೂ ನಿರ್ದೇಶಕನೂ ಆಗಬೇಕೆಂಬ ಹಂಬಲ ಅವನದು. "ಯಜಮಾನರೇ, ತಾವು ಹಿರಿಯರು. ಆ ದಾರಿಯ ಕಷ್ಟವನ್ನೆಲ್ಲ ಉಂಡವರು. ಇವನಿಗೆ ತಾವೇ ನಾಲ್ಕು ಬುದ್ಧಿಮಾತು ಹೇಳಿ ಹಿಂದಕ್ಕೆ ತಿರುಗಿಸಬೇಕು. ನಾಟಕದವನಿಗೆ ಅನ್ನವೆಲ್ಲಿಯದು? ಹೆಣ್ಣು ಕೊಡುವವರಾದರೂ ಯಾರು?" ಎಂದು ಆ ತಂದೆ ಕೇಳಿದರು. ಹುಡುಗನು ತಲೆ ತಗ್ಗಿಸಿಕೊಂಡು ಕುಳಿತಿದ್ದ. ನನಗೆ ಆಗ ಉತ್ತರ ತೋಚಲಿಲ್ಲ. ಕಾಫಿ ಕೊಟ್ಟು ಕಳುಹಿಸಿದೆ. ಇಂದಿನ ನನ್ನ ಮಾತುಗಳು ಆ ಪ್ರಶ್ನೆಗೆ ತಡವಾಗಿ ಹೇಳುವ ಉತ್ತರವೆಂದು ತಾವು ಭಾವಿಸಬೇಕು.

ಮೊದಲನೆಯದಾಗಿ, ವೇಷ ಹಾಕುವುದು ಹೀನವೃತ್ತಿಯೆಂಬ ಭಾವನೆ ನಮ್ಮ ಶರಣರದಲ್ಲ. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಬಹುರೂಪಿ ಚೌಡಯ್ಯನವರಿದ್ದರು. ಬಗೆಬಗೆಯ ವೇಷಗಳನ್ನು ಧರಿಸಿ ಜನರೆದುರು ಆಡಿ ತೋರಿಸುವುದೇ ಅವರ ಕಾಯಕ. ನಗೆಯ ಮಾರಿತಂದೆಯವರ ಕಾಯಕವು ಜನರನ್ನು ನಗಿಸುವುದಾಗಿತ್ತು. ನೇಯುವವರು, ಹುರಿ ಹೊಸೆಯುವವರು, ದೋಣಿ ನಡೆಸುವವರು ಇವರ ನಡುವೆ ಈ ಇಬ್ಬರು ಸಮಾನರಾಗಿಯೇ ಕುಳಿತರು; ವಚನಗಳನ್ನೂ ರಚಿಸಿದರು. ಅವರಲ್ಲಿ ಯಾರೂ 'ನೀನು ಆಟದವನು, ಹೊರಗೆ ನಿಲ್ಲು' ಎಂದುದಾಗಿ ನಾನು ಕೇಳಿಲ್ಲ. ಹಾಗೆ ಹೇಳುವುದನ್ನು ನಾವು ಕಲಿತದ್ದು ಬಹುಶಃ ಬಹಳ ಈಚೆಗೆ.

ಇನ್ನು ಅನ್ನದ ಪ್ರಶ್ನೆ. ಅದನ್ನು ತೇಲಿಸಿ ಮಾತನಾಡಲಾರೆ. 1970ನೆಯ ಇಸವಿಯ ಮಳೆಗಾಲದಲ್ಲಿ, ನಾನು ಹತ್ತೊಂಬತ್ತು ವರ್ಷದವನಾಗಿದ್ದಾಗ, ನಮ್ಮ ಕಂಪೆನಿಯ ಕ್ಯಾಂಪು ಇದೇ ಊರಿನಲ್ಲಿತ್ತು. ಮಳೆ ಹಿಡಿದದ್ದು ಬಿಡಲಿಲ್ಲ. ತಗಡಿನ ಥಿಯೇಟರಿನೊಳಗೆ ಮೊಣಕಾಲುದ್ದ ನೀರು. ಮೂರು ವಾರ ಆಟವಿಲ್ಲ. ಒಂದು ರಾತ್ರಿ ಮಾಲೀಕರು ಪೆಟ್ಟಿಗೆಯಲ್ಲಿದ್ದಷ್ಟು ಹಣವನ್ನು ತೆಗೆದುಕೊಂಡು ಹೊರಟುಹೋದರು. ನಟರು, ಹಾರ್ಮೋನಿಯಂ ಮಾಸ್ತರರು, ಪರದೆಯವರು, ಅಡುಗೆಯ ಮುದುಕಿ, ಎಲ್ಲ ಸೇರಿ ಇಪ್ಪತ್ತಾರು ಮಂದಿ ಬೀದಿಪಾಲಾದೆವು. ಆಗ ಶ್ರೀಮಠದ ಹಿರಿಯ ಗುರುಗಳವರು ಹೇಳಿಕಳುಹಿಸಿ ನಮ್ಮನ್ನು ದಾಸೋಹದ ಪಂಕ್ತಿಯಲ್ಲಿ ಕೂರಿಸಿದರು. ಹನ್ನೊಂದು ದಿನ ಉಂಡೆವು. ನಮ್ಮ ಕುಲವನ್ನಾಗಲಿ, ನಡತೆಯನ್ನಾಗಲಿ ಅವರು ವಿಚಾರಿಸಲಿಲ್ಲ. ಹನ್ನೆರಡನೆಯ ದಿನ ಮಾತ್ರ, "ನಾಳೆ ಸೋಮವಾರ. ನಿಮ್ಮ ಕಾಯಕವನ್ನು ಇಲ್ಲಿ ಮಾಡಿರಿ, ಆಮೇಲೆ ಹೊರಡುವಿರಂತೆ" ಎಂದು ಅಪ್ಪಣೆ ಕೊಡಿಸಿದರು. ಇದೇ ಅಂಗಳದಲ್ಲಿ, ಪರದೆಯೂ ಇಲ್ಲದೆ, ಬೇಡರ ಕಣ್ಣಪ್ಪನ ಕಥೆಯನ್ನು ಆಡಿದೆವು. ನನ್ನದು ಬೇಡರ ಗುಂಪಿನಲ್ಲಿ ನಿಲ್ಲುವ ಪಾತ್ರ. ಊರವರು ತಟ್ಟೆಗೆ ಹಾಕಿದ ಕಾಣಿಕೆಯೇ ನಮಗೆ ಬಸ್ಸಿನ ಖರ್ಚಾಯಿತು.

ಈ ಪ್ರಸಂಗವನ್ನು ಹೇಳಿದ್ದು ಮರುಕ ಹುಟ್ಟಿಸಲಿಕ್ಕಲ್ಲ. ಕಲಾವಿದನ ಬಾಳು ಅವನೊಬ್ಬನ ಪ್ರತಿಭೆಯಿಂದ ನಿಲ್ಲುವುದಿಲ್ಲ. ಯಾವುದಾದರೂ ಒಂದು ಸಂಘವು ಅವನನ್ನು ಉಣಿಸಿ, ದುಡಿಸಿ, ತಿದ್ದಿ ನಿಲ್ಲಿಸಬೇಕು. ನಮ್ಮ ನಾಡಿನ ದೊಡ್ಡ ನಟರ ಚರಿತ್ರೆಯನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಕಂಪೆನಿ 1884ರಲ್ಲಿ ಹುಟ್ಟಿತು. ವೀರಣ್ಣನವರು ಅದಕ್ಕೆ ಸೇರಿದಾಗ ಎಳೆಯ ಹುಡುಗ. ಮುಂದೆ ಅದರ ಒಡೆಯರಾದರು. 1934ರಲ್ಲಿ 'ಕುರುಕ್ಷೇತ್ರ'ಕ್ಕಾಗಿ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರೆಂದು ಜನ ಈಗಲೂ ಆಡಿಕೊಳ್ಳುತ್ತಾರೆ. ಆದರೆ ನನ್ನ ಎಣಿಕೆಯಲ್ಲಿ ಆ ಕಂಪೆನಿಯ ನಿಜವಾದ ಆಶ್ಚರ್ಯ ಆನೆಯಲ್ಲ. ಅದರ ಊಟದ ಮನೆ. ರಾಜಕುಮಾರರು, ಜಿ. ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣ ಇವರೆಲ್ಲ ಆ ಕಂಪೆನಿಯ ಅನ್ನವನ್ನುಂಡವರು. ರಾಜಕುಮಾರರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಅಲ್ಲಿಯೇ ನಟರಾಗಿದ್ದರು. ಮಗನು ಬಾಲ್ಯದಿಂದ ರಂಗದ ಮೇಲೆ ಪಳಗಿದನು. 1954ರಲ್ಲಿ 'ಬೇಡರ ಕಣ್ಣಪ್ಪ' ಚಲಚ್ಚಿತ್ರದ ನಾಯಕನಾದಾಗ ವಯಸ್ಸು ಇಪ್ಪತ್ತೈದು. ನೋಡಿದವರಿಗೆ ಅದು ಒಂದೇ ದಿನದ ಕೀರ್ತಿಯೆನಿಸಿತು. ಅದರ ಹಿಂದೆ ಎಷ್ಟು ರಾತ್ರಿಗಳ ನಿದ್ದೆಗೇಡು ಇತ್ತೆಂಬುದನ್ನು ಕಂಪೆನಿಯಲ್ಲಿ ದುಡಿದವರೇ ಬಲ್ಲರು.

ಬಿ. ವಿ. ಕಾರಂತರ ಸಂಗತಿಯೂ ಹೀಗೆಯೇ. ಬಂಟವಾಳದ ಸಮೀಪದ ಮಂಚಿಯ ಹುಡುಗ ಮನೆ ಬಿಟ್ಟು ಬಂದು ಗುಬ್ಬಿ ಕಂಪೆನಿಯನ್ನು ಸೇರಿದನು. ಹುಡುಗನಲ್ಲಿ ಓದುವ ಆಸೆಯುಂಟೆಂದು ತಿಳಿದು ವೀರಣ್ಣನವರೇ ಅವನನ್ನು ಕಾಶಿಗೆ ಎಂ.ಎ. ವ್ಯಾಸಂಗಕ್ಕೆ ಕಳುಹಿಸಿದರು. ಒಳ್ಳೆಯ ಆಳನ್ನು ಕೈಬಿಡುವ ಮಾಲೀಕರೆಲ್ಲಿ ಸಿಕ್ಕುತ್ತಾರೆ? ಕಾಶಿಯಲ್ಲಿ ಓಂಕಾರನಾಥ ಠಾಕೂರರಲ್ಲಿ ಸಂಗೀತ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ರಂಗವಿದ್ಯೆ, ಇವನ್ನೆಲ್ಲ ಕಲಿತು ಅವರು ಮುಂದೆ ಆ ಶಾಲೆಗೇ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ಅವರ 'ಚೋಮನ ದುಡಿ' 1975ರ ಚಿತ್ರಗಳಲ್ಲಿ ರಾಷ್ಟ್ರಪತಿಗಳ ಸ್ವರ್ಣಕಮಲವನ್ನು ಪಡೆಯಿತು.

ಮಠಗಳಿಗೂ ನಾಟಕಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಅವರು ಒಮ್ಮೆ ನೆನೆಯಲಿ. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು ಕಣ್ಣಿಲ್ಲದ ಬಾಲಕನೊಬ್ಬನ ಕಂಠವನ್ನು ಕೇಳಿ ಅವನಿಗೆ ಸಂಗೀತಶಿಕ್ಷಣ ಕೊಡಿಸಿದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳಾದನು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ತಾವೂ ಕಣ್ಣಿಲ್ಲದವರು. ನಾಟಕಗಳನ್ನು ರಚಿಸಿ, ನಾಟಕ ಮಂಡಳಿಯನ್ನು ನಡೆಸಿ, ಅನಾಥರೂ ಅಂಧರೂ ಆದ ಮಕ್ಕಳ ಆಶ್ರಮವನ್ನು ಸಾಕಿದರು. ಅಲ್ಲಿ ನಾಟಕವೇ ದಾಸೋಹಕ್ಕೆ ಅಕ್ಕಿಯನ್ನು ತಂದಿತು. ಈಚಿನ ಮಾತಾದರೆ ಸಾಣೇಹಳ್ಳಿ: ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು 1997ರಲ್ಲಿ 'ಶಿವಸಂಚಾರ'ವೆಂಬ ತಿರುಗಾಟದ ತಂಡವನ್ನು ಹೊರಡಿಸಿದರು, ವರ್ಷಕ್ಕೆ ಮೂರು ನಾಟಕ, ನಾಡೆಲ್ಲ ಸಂಚಾರ. ರಂಗಶಿಕ್ಷಣದ ಶಾಲೆಯೂ ಅಲ್ಲಿ ಉಂಟು. ಹೆಗ್ಗೋಡಿನ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ, 1985ರಲ್ಲಿ 'ತಿರುಗಾಟ'ವನ್ನೂ ಆರಂಭಿಸಿತು. ನಮ್ಮ ಕಾಲದಲ್ಲಿ ಮನೆಯಿಂದ ಓಡಿಹೋಗದೆ ನಟನಾಗುವ ದಾರಿಯೇ ಇರಲಿಲ್ಲ. ಈಗ ಅರ್ಜಿ ಬರೆದು, ತಂದೆತಾಯಿಗಳಿಗೆ ನಮಸ್ಕರಿಸಿ ಹೋಗಬಹುದು. ಇದೇನು ಸಣ್ಣ ಬದಲಾವಣೆಯೆ?

ವಿದ್ಯೆಯ ವಿಚಾರಕ್ಕೆ ಬರುತ್ತೇನೆ. ಹೊಸಬನಿಗೆ ಕಂಪೆನಿಯಲ್ಲಿ ಮೊದಲು ಪಾತ್ರ ಕೊಡುತ್ತಿರಲಿಲ್ಲ. ರಂಗ ಗುಡಿಸು, ಪರದೆ ಎಳೆ, ಪೆಟ್ರೋಮ್ಯಾಕ್ಸಿಗೆ ಗಾಳಿ ಹಾಕು, ಮಾತು ಮರೆತವರಿಗೆ ಪಕ್ಕದಿಂದ ಹೇಳಿಕೊಡು. ನನಗೆ ಇದು ಅವಮಾನವೆನಿಸಿ ಒಳಗೊಳಗೇ ಕುದಿಯುತ್ತಿದ್ದೆ. ವರ್ಷ ಕಳೆಯುವಷ್ಟರಲ್ಲಿ ಇಡೀ ನಾಟಕ, ಎಲ್ಲರ ಮಾತೂ, ನನಗೆ ಬಾಯಿಪಾಠವಾಗಿತ್ತು. ಯಾವ ಮಾತಿಗೆ ಸಭೆ ನಗುತ್ತದೆ, ಎಲ್ಲಿ ಆಕಳಿಸುತ್ತದೆಯೆಂಬುದು ಪರದೆಯ ಹಗ್ಗ ಹಿಡಿದವನಿಗೆ ತಿಳಿದಷ್ಟು ನಾಯಕನಿಗೆ ತಿಳಿಯದು. ನಿರ್ದೇಶನವೆಂದರೆ ಕುರ್ಚಿಯ ಮೇಲೆ ಕುಳಿತು ಗದರಿಸುವುದೆಂದು ಅನೇಕ ತರುಣರು ಭಾವಿಸಿದ್ದಾರೆ. ತಾಲೀಮಿಗೆ ಎಲ್ಲರಿಗಿಂತ ಮುಂಚೆ ಬಂದು ಎಲ್ಲರಿಗಿಂತ ಕಡೆಗೆ ಹೋಗುವವನೇ ನಿರ್ದೇಶಕ. ಲೆಕ್ಕವೂ ಅವನಿಗೆ ಬರಬೇಕು. ಆ ಹುಡುಗ ಬಿ.ಕಾಂ. ಓದಿದ್ದು ದಂಡವಲ್ಲ ಎಂದು ಅವನ ತಂದೆಯವರಿಗೆ ತಿಳಿಸಬಯಸುತ್ತೇನೆ. ಎಷ್ಟೋ ಒಳ್ಳೆಯ ಮಂಡಳಿಗಳು ಮುಳುಗಿದ್ದು ನಟನೆಯ ಕೊರತೆಯಿಂದಲ್ಲ, ಲೆಕ್ಕದ ಪುಸ್ತಕ ಬರೆಯುವವರಿಲ್ಲದೆ.

ಬಾನುಲಿಯ ಮಾತು ಬೇರೆ. ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪುಟ್ಟ ಯಂತ್ರವೊಂದನ್ನಿಟ್ಟು ಪ್ರಸಾರವನ್ನಾರಂಭಿಸಿದರು. 'ಆಕಾಶವಾಣಿ'ಯೆಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದಲೇ. ಧಾರವಾಡ ಕೇಂದ್ರ 1950ರ ಜನವರಿಯಲ್ಲಿ ತೆರೆಯಿತು. ವಾಮನರಾವ್ ಮಾಸ್ತರರ ನಾಟಕ ಮಂಡಳಿಯಲ್ಲಿ ಬಾಲನಟರಾಗಿದ್ದ ಮಲ್ಲಿಕಾರ್ಜುನ ಮನ್ಸೂರರು ಮುಂದೆ ಆ ಕೇಂದ್ರದ ಸಂಗೀತ ಸಲಹೆಗಾರರಾದರು. ಅವರ ಕಂಠದ ವಚನಗಳನ್ನು ಈ ಸಭೆಯಲ್ಲಿ ಕೇಳದವರಿರಲಾರರು. ನಾನು ಬಾನುಲಿಯ ಧ್ವನಿಪರೀಕ್ಷೆಗೆ ಹೋದ ಮೊದಲ ಸಲ ನಪಾಸಾದೆ. ಕಡೆಯ ಸಾಲಿನ ಮುದುಕನಿಗೂ ಕೇಳುವಂತೆ ಕೂಗಿ ಅಭ್ಯಾಸವಾಗಿದ್ದವನು ಮೈಕಿನ ಮುಂದೆಯೂ ಹಾಗೆಯೇ ಗರ್ಜಿಸಿದೆ. ಪರೀಕ್ಷಕರು ಕಿವಿಯ ಯಂತ್ರವನ್ನು ಕಳಚಿಟ್ಟು, "ಸ್ವಾಮೀ, ಕೇಳುವವನು ನಿಮ್ಮ ಪಕ್ಕದಲ್ಲಿಯೇ ಕುಳಿತಿದ್ದಾನೆ" ಎಂದರು. ಆ ಒಂದು ಮಾತನ್ನು ಅರಗಿಸಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು. ಬಾನುಲಿಯಲ್ಲಿ ಮುಖವಿಲ್ಲ, ಕಿರೀಟವಿಲ್ಲ. ಹಾಳೆ ಮಗುಚಿದ ಸದ್ದಾದರೂ ರಾಜನು ಗುಮಾಸ್ತನಾಗಿಬಿಡುತ್ತಾನೆ. ತೆಂಗಿನ ಚಿಪ್ಪುಗಳನ್ನು ಕುಟ್ಟಿ ಕುದುರೆಯನ್ನೋಡಿಸುತ್ತಿದ್ದೆವು, ತಗಡನ್ನು ಅಲುಗಿಸಿ ಗುಡುಗು ತರುತ್ತಿದ್ದೆವು. ಇಂದು ಅದನ್ನೆಲ್ಲ ಕಂಪ್ಯೂಟರು ಮಾಡುತ್ತದೆ. ಉಸಿರನ್ನು ಮಾತ್ರ ನಟನೇ ಎಳೆದುಕೊಳ್ಳಬೇಕು.

ದೂರದರ್ಶನದ ಬಗೆಗೆ ನನಗೆ ಅನುಭವ ಸಾಲದು. ಆದರೆ 1986–87ರಲ್ಲಿ ಶಂಕರನಾಗ್ ಅವರು ಆಗುಂಬೆಯಲ್ಲಿ ನಿರ್ಮಿಸಿದ 'ಮಾಲ್ಗುಡಿ ಡೇಸ್' ಅನ್ನು ನೋಡಿದವರು, ರಂಗಭೂಮಿಯಲ್ಲಿ ಪಳಗಿದವನೊಬ್ಬನು ಆ ಸಣ್ಣ ಪೆಟ್ಟಿಗೆಯೊಳಗೆ ಏನನ್ನು ತುಂಬಬಲ್ಲನೆಂಬುದನ್ನು ಕಂಡಿದ್ದಾರೆ. ಅವರು ನಟರಾಗಿ ದುಡಿಯುತ್ತಲೇ ನಿರ್ದೇಶಿಸಿದರು, ನಾಟಕವನ್ನೂ ಬಿಡಲಿಲ್ಲ. ಮೂವತ್ತೈದು ವರ್ಷಕ್ಕೆ, 1990ರಲ್ಲಿ, ಹೊರಟುಹೋದರು.

ಸಂಬಳದ ಮಾತನ್ನಾಡಲು ನಮ್ಮವರಿಗೆ ಸಂಕೋಚ. ಕಲೆಗೆ ಬೆಲೆ ಕಟ್ಟಬಾರದೆಂದು ಹೇಳುವವರು ಪೆಂಡಾಲಿನವನಿಗೂ ದೀಪದವನಿಗೂ ಹಣ ಎಣಿಸಿ, ನಟನಿಗೆ ಮಾತ್ರ ಶಾಲು ಹೊದಿಸಿ ಕಳುಹಿಸುವುದನ್ನು ನಾನು ಕಂಡಿದ್ದೇನೆ. ಕಾಯಕಕ್ಕೆ ತಕ್ಕ ಕೂಲಿಯನ್ನು ಕೇಳುವುದು ತಪ್ಪಲ್ಲ. ಕೂಲಿಗಿಂತ ಹೆಚ್ಚಿನದನ್ನು ಬಾಚಿಕೊಳ್ಳುವುದು ತಪ್ಪು. ಆಯ್ದಕ್ಕಿ ಮಾರಯ್ಯನವರು ಅಧಿಕವಾಗಿ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮನವರು ಹಿಂದಕ್ಕೆ ಸುರಿದು ಬರಹೇಳಿದ ಕಥೆ ತಮಗೆ ತಿಳಿದದ್ದೇ. ಧಾರಾವಾಹಿಗಳಲ್ಲಿ ದಿನಗೂಲಿ ಬಂದೊಡನೆ ಸಾಲ ಮಾಡಿ ಮೋಟಾರು ಕೊಂಡು, ಕೆಲಸ ನಿಂತ ತಿಂಗಳು ಮುಖ ಮರೆಸಿಕೊಂಡ ತರುಣರನ್ನು ಕಂಡಾಗ ನನಗೆ ಲಕ್ಕಮ್ಮನವರು ನೆನಪಾಗುತ್ತಾರೆ. ಕೆಲಸವಿಲ್ಲದ ತಿಂಗಳುಗಳು ಈ ವೃತ್ತಿಯಲ್ಲಿ ಬಂದೇ ಬರುತ್ತವೆ. ನಾನು ಆ ತಿಂಗಳುಗಳಲ್ಲಿ ಮಕ್ಕಳಿಗೆ ಪಾಠ ಹೇಳಿದೆ, ಅಂಗಡಿಯ ಲೆಕ್ಕ ಬರೆದೆ. ಅದರಿಂದ ನನ್ನ ನಟನೆ ಕೆಡಲಿಲ್ಲ.

ಹೆಣ್ಣುಮಕ್ಕಳ ವಿಚಾರವನ್ನು ಒಂದೇ ಮಾತಿನಲ್ಲಿ ಹೇಳುತ್ತೇನೆ, ಸಮಯವಾಗುತ್ತ ಬಂತು. ಏಣಗಿ ಬಾಳಪ್ಪನವರಂಥ ಹಿರಿಯರು ತಾರುಣ್ಯದಲ್ಲಿ ಸ್ತ್ರೀಪಾತ್ರಗಳನ್ನೇ ಧರಿಸುತ್ತಿದ್ದರು. ಅದೇ ಬಾಳಪ್ಪನವರು ಮುಂದೆ ಬಸವಣ್ಣನವರ ಪಾತ್ರದಿಂದ ನಾಡಿಗೆಲ್ಲ ಪರಿಚಿತರಾದರು. ಬಿ. ಜಯಮ್ಮನವರಂಥವರು ರಂಗಕ್ಕೆ ಬಂದು ಆಡಿದಾಗ ಊರವರು ಆಡಿದ ಮಾತುಗಳನ್ನು ಈ ಸನ್ನಿಧಿಯಲ್ಲಿ ಹೇಳಲಾಗದು. ಹಾಗೆ ಆಡಿಕೊಂಡವರೇ ಟಿಕೆಟ್ಟು ಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದರು.

ನನ್ನ ತಂದೆಯವರು ನನ್ನ ನಾಟಕವನ್ನು ಒಮ್ಮೆಯೂ ನೋಡಲಿಲ್ಲ. ಅವರು ಕಠಿಣರಲ್ಲ, ಮಗನು ಬಣ್ಣ ಹಚ್ಚಿಕೊಂಡು ನಿಂತದ್ದನ್ನು ನೋಡಲಾರೆನೆನ್ನುತ್ತಿದ್ದರು. ಬಾನುಲಿಗೆ ಸೇರಿದ ಮೇಲೆ, ನೆರೆಮನೆಯ ರೇಡಿಯೋದಲ್ಲಿ ನನ್ನ ಧ್ವನಿಯನ್ನು ಕೇಳಲು ಜಗಲಿಯ ಮೇಲೆ ಬಂದು ಕೂಡುತ್ತಿದ್ದರೆಂದು ಅವರು ಲಿಂಗೈಕ್ಯರಾದ ಬಳಿಕ ತಾಯಿಯವರು ಹೇಳಿದರು.

ಕಾರ್ತಿಕದಲ್ಲಿ ನನ್ನಲ್ಲಿಗೆ ಬಂದಿದ್ದ ಆ ಭಕ್ತರು ಈ ಸಭೆಯಲ್ಲಿದ್ದಾರೆ. ಅವರು ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಕೊಡಿರೆಂದು ನಾನು ಸಭೆಯ ನಡುವೆ ಅವರನ್ನು ಒತ್ತಾಯಪಡಿಸುವುದೂ ಸರಿಯಲ್ಲ. ನಾಳೆ ರಾತ್ರಿ ಎಂಟು ಗಂಟೆಗೆ ಇದೇ ಅಂಗಳದಲ್ಲಿ ಶ್ರೀಮಠದ ಶಾಲೆಯ ಹಳೆಯ ವಿದ್ಯಾರ್ಥಿಗಳು ನಾಟಕವನ್ನಾಡುತ್ತಾರೆ. ಅವರ ಮಗನಿಗೆ ಅದರಲ್ಲಿ ದ್ವಾರಪಾಲಕನ ಪಾತ್ರ, ಎರಡೇ ಮಾತು. ಉಳಿದಂತೆ ಪರದೆ ಎಳೆಯುವುದೂ ಅವನದೇ ಕೆಲಸ. ತಾವು ಬಂದು ಮುಂದಿನ ಸಾಲಿನಲ್ಲಿ ಕೂಡಬೇಕೆಂದು ಅವರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.